ಬಿಡಾಡಿಯ ಬೀಗದ ಕೈ

ನಮ್ಮ ಕಡೆ ಬಿಡಾಡಿ ಎನ್ನುವುದು ಹಗ್ಗವಿಲ್ಲದೆ ಕಂಡವರ ಗದ್ದೆ ಮೇಯುವ ದನಕ್ಕೆ. ಹೇಳುವವರು ಕೇಳುವವರಿಲ್ಲದೆ ಅಲೆಯುವ ಮಕ್ಕಳಿಗೂ ಅದೇ ಮಾತು. ಐದನೆಯ ಕ್ಲಾಸಿನಲ್ಲಿದ್ದಾಗ ಆ ಬಿರುದು ನನಗೂ ಸಿಕ್ಕಿತು. ಕೊಟ್ಟವರು ಉಡುಪಿಯಿಂದ ಠಾಣೆ ಶಹರದ ನಮ್ಮ ಮನೆಗೆ ಬಂದಿದ್ದ ಅಜ್ಜ, ಅಮ್ಮನ ಅಪ್ಪ.

"ಕುತ್ತಿಗೆಗೆ ಬೀಗದ ಕೈ ಕಟ್ಟಿ ಮಗುವನ್ನು ಬಿಡಾಡಿ ಮಾಡಿದ್ದೀಯಲ್ಲ ಮಗಳೇ. ನಾನು ಊರಿಗೆ ಕರ್ಕೊಂಡು ಹೋಗ್ತೇನೆ. ಅಲ್ಲೇ ಶಾಲೆಗೆ ಹೋಗಲಿ."

ಅಮ್ಮನಿಗೆ ಆಫೀಸು, ಅಪ್ಪನಿಗೆ ವರ್ತಕ ನಗರದಲ್ಲಿ ಹೋಟೆಲು. ಶಾಲೆ ಬಿಟ್ಟ ಮೇಲೆ ಕೋಪರಿಯ ನಮ್ಮ ಮನೆಯ ಬಾಗಿಲು ತೆಗೆಯುವವಳು ನಾನೇ. ಅಮ್ಮ ಎದುರು ಮಾತಾಡಲಿಲ್ಲ. ಅಜ್ಜ ಎರಡು ಟಿಕೆಟ್ ಮಾಡಿಸಿಯೇ ಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ನಾನು ಯಾರ ಗದ್ದೆ ಮೇಯ್ದಿದ್ದೆ?

ಹೊರಡುವ ಹಿಂದಿನ ದಿನ ಶಾಲೆಯಿಂದ ಬಂದು ನೋಡಿದರೆ, ಅಜ್ಜ ಒದ್ದೆ ಪಾಣಿಪಂಚೆಯಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಕೈಯಲ್ಲಿ ಖಾಲಿ ತಂಬಿಗೆ. ಮನೆಯೊಳಗೆ ಬಿಸಿಲು ಬೀಳುವುದಿಲ್ಲವೆಂದು ಸೂರ್ಯನಿಗೆ ಅರ್ಘ್ಯ ಕೊಡಲು ಪ್ಯಾಸೇಜಿಗೆ ಬಂದಿದ್ದರಂತೆ. ಗಾಳಿಗೆ ಬಾಗಿಲು ಹಾಕಿಕೊಂಡಿತ್ತು. ಫೋನು ಒಳಗೆ. ನಮ್ಮ ಮಹಡಿಯಲ್ಲಿ ಮಧ್ಯಾಹ್ನ ಒಂದು ನರಪಿಳ್ಳೆಯೂ ಇರುವುದಿಲ್ಲ.

"ಇದೆಂತ ಬಾಗಿಲು ಮಾರಾಯ್ತಿ, ತನ್ನಷ್ಟಕ್ಕೇ ಬೀಗ ಹಾಕಿಕೊಳ್ಳುವುದಾ?"

ಅವರ ಜನಿವಾರದಲ್ಲಿ ಊರಮನೆಯ ಕಪಾಟು, ಪೆಟ್ಟಿಗೆ, ಉಗ್ರಾಣಗಳ ಬೀಗದ ಕೈಗಳು ನೇತಾಡುತ್ತಿದ್ದವು. ಒಂದೂ ಕೆಲಸಕ್ಕೆ ಬಂದಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯೋ ಖುಷಿ. ಬೇಕೆಂದೇ ನಿಧಾನವಾಗಿ ಯೂನಿಫಾರ್ಮಿನೊಳಗಿಂದ ನನ್ನ ಕೀ ಎಳೆದು ಬಾಗಿಲು ತೆಗೆದೆ.

"ಬನ್ನಿ ಅಜ್ಜ. ಮೊದಲು ಪಂಚೆ ಬದಲಿಸಿ, ಶೀತ ಆಗ್ತದೆ."

ಮನೆ ತಲುಪಿದೆನೆಂದು ಅಮ್ಮನಿಗೆ ಮಿಸ್ಡ್ ಕಾಲ್ ಕೊಟ್ಟೆ. ಸಾರು ಬಿಸಿ ಮಾಡಿ ಗ್ಯಾಸ್ ಬಂದ್ ಮಾಡಿದೆ. ಅಜ್ಜನಿಗೆ ಬಡಿಸುವಾಗ ಬೆಲ್ ಆಯಿತು. ಬಾಗಿಲ ಕಿಂಡಿಯಲ್ಲಿ ನೋಡಿದೆ, ಗುರುತಿಲ್ಲದ ಗಂಡಸು. ಅಮ್ಮ ಸ್ನಾನ ಮಾಡುತ್ತಿದ್ದಾಳೆ, ಆಮೇಲೆ ಬನ್ನಿ ಎಂದು ಮರಾಠಿಯಲ್ಲಿ ಒಳಗಿನಿಂದಲೇ ಕೂಗಿದೆ.

"ಅಮ್ಮ ಎಲ್ಲಿದ್ದಾಳೆ?" ಅಜ್ಜನಿಗೆ ಆಶ್ಚರ್ಯ.

"ಅಮ್ಮ ಇಲ್ಲ ಅಂತ ಯಾರಿಗೂ ಹೇಳಬಾರದು ಅಜ್ಜ. ನೀವು ಊಟ ಮಾಡಿ."

ಅಜ್ಜ ಬಾಗಿಲ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಅನ್ನ ಕಲಸಿದರು.

ಸಂಜೆ ಅಮ್ಮ ಬಂದವಳೇ ಸಪ್ಪೆ ಮುಖದಲ್ಲಿ ನನ್ನ ಬಟ್ಟೆ ಮಡಚತೊಡಗಿದಳು.

"ಅದೆಲ್ಲ ಬೇಡ," ಎಂದರು ಅಜ್ಜ. "ನಾಳೆಗೆ ಒಂದು ಟಿಕೆಟ್ ಸಾಕು."

"ಬಿಡಾಡಿಯನ್ನು ಇಲ್ಲೇ ಬಿಟ್ಟು ಹೋಗ್ತೀರಾ ಅಪ್ಪಯ್ಯ?"

"ಬಿಡಾಡಿ ನಾನು ಮಾರಾಯ್ತಿ. ಮಧ್ಯಾಹ್ನ ಬಾಗಿಲ ಹೊರಗೆ ಬಿದ್ದಿದ್ದವನು ನಾನು. ಒಳಗೆ ಕರೆದು ಅನ್ನ ಹಾಕಿದ್ದು ಇವಳು."

ಅಮ್ಮ ನನ್ನ ಬಟ್ಟೆಗಳನ್ನು ವಾಪಸು ಕಪಾಟಿನಲ್ಲಿಟ್ಟಳು. ನಾನು ಕೀಯನ್ನು ಎಲ್ಲರಿಗೂ ಕಾಣುವಂತೆ ಅಂಗಿಯ ಮೇಲೆ ಹಾಕಿಕೊಂಡು ಕೆಳಗೆ ಆಡಲು ಹೋದೆ.