ಮರ ಗರಗಸವನ್ನು ಕಚ್ಚಿಕೊಂಡಾಗ

ನನ್ನ ತವರು ಕೆ.ಆರ್. ನಗರದ ಕಡೆ, ಕಾಲುವೆ ನೀರಿನ ಊರು. ಅಲ್ಲಿ ಒಲೆಗೆ ತೆಂಗಿನ ಗರಿ, ಕಬ್ಬಿನ ಸೋಗೆ, ಸಾಲದಿದ್ದರೆ ಒಂದಿಷ್ಟು ಪುಳ್ಳೆ. ಮದುವೆಯಾಗಿ ಕಂಪಲಾಪುರದ ಹತ್ತಿರದ ಊರಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಸೌದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದಲ್ಲಿ ಆಳೆತ್ತರಕ್ಕೂ ಮೀರಿ ಒಟ್ಟಿದ್ದರು. ಅಷ್ಟೂ ಒಂದೇ ವರ್ಷಕ್ಕೆ ಎಂದು ಅತ್ತೆ ಹೇಳಿದಾಗ ನಾನು ನಂಬಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಬೇಸಿಗೆಯಲ್ಲಿ, ಮಳೆಗೆ ಮುಂಚೆ ಬೀಸಿದ ಗಾಳಿಗೆ ನಮ್ಮ ಬದುವಿನ ಹಳೆಯ ಮಾವಿನ ಮರ ಬೇರು ಸಮೇತ ಕಿತ್ತು ಹಳ್ಳಕ್ಕೆ ಅಡ್ಡ ಬಿತ್ತು. ನನ್ನ ಮಾವ ಪ್ರಾಯದಲ್ಲಿ ಇಬ್ಬರು ಎಳೆಯುವ ದೊಡ್ಡ ಗರಗಸದಲ್ಲಿ ಮರ ಕುಯ್ದವರು. ಈಗ ಭುಜ ಮೇಲೇಳುತ್ತಿರಲಿಲ್ಲ. ಎಚ್.ಡಿ. ಕೋಟೆಯಿಂದ ಮಿಷನ್ ಗರಗಸದವನನ್ನು ಕರೆಸಿದರು. ಅವನು ಹುಟ್ಟಿದ್ದು ವಯನಾಡಿನಲ್ಲಿ, ಕೋಟೆಯ ಕಡೆಯ ಹೆಣ್ಣು ತಂದು ಇಲ್ಲೇ ನೆಲೆಸಿದ್ದ. ನನ್ನನ್ನು 'ಚೇಚಿ' ಎಂದ. ಅವರಲ್ಲಿ ಅಕ್ಕನಿಗೆ ಹಾಗನ್ನುತ್ತಾರಂತೆ.

ಮಿಷನ್ ಗರಗಸವನ್ನು ನಾನು ನೋಡಿದ್ದು ಅದೇ ಮೊದಲು. ಮಜ್ಜಿಗೆ ಕೊಟ್ಟು ಬರಲು ಹೋದವಳು ಅಲ್ಲೇ ನಿಂತುಬಿಟ್ಟೆ. ಅವನು ಬೊಡ್ಡೆಯ ನಡುವೆ ಮೇಲಿನಿಂದ ಇಟ್ಟ. ಹೊಟ್ಟು ಹಾರುತ್ತಿತ್ತು, ಅಲಗು ಬೆಣ್ಣೆಗೆ ಇಳಿದಂತೆ ಇಳಿಯುತ್ತಿತ್ತು. ಅರ್ಧಕ್ಕೆ ಬಂದಿತ್ತೇನೋ, ಸದ್ದು ಒಮ್ಮೆಲೇ ಗಂಟಲು ಕಟ್ಟಿದಂತಾಗಿ ನಿಂತಿತು. ಎಳೆದ, ಅಲ್ಲಾಡಿಸಿದ. ಅಲಗು ಮಿಸುಕಲಿಲ್ಲ. ಅವನ ಮುಖ ಬೆವೆತಿತು. ಮಾವ ಬದುವಿನ ಮೇಲೆ ಕೂತೇ ಹೇಳಿದರು:

"ಕಚ್ಕಂಡದೆ. ಎಳೀಬ್ಯಾಡ ಬುಡು, ಅಲಗು ಬಗ್ಗೋಯ್ತದೆ."

ಅವನು ಸ್ಪ್ಯಾನರ್ ತೆಗೆದು ಇಂಜಿನ್ನನ್ನು ಅಲಗಿನಿಂದ ಬಿಚ್ಚಿ ಪಕ್ಕಕ್ಕಿಟ್ಟ. ಅಲಗೂ ಚೈನೂ ಮರದ ಬಾಯಲ್ಲೇ ಉಳಿದವು. ಮಾವ ಜಾಲಿ ಕೊಂಬೆಯಲ್ಲಿ ಎರಡು ಬೆಣೆ ಕೆತ್ತಿಕೊಟ್ಟರು. ಕಬ್ಬಿಣದ್ದಾದರೆ ಚೈನಿನ ಹಲ್ಲು ಮುರಿಯುತ್ತದಂತೆ. ನನ್ನ ಗಂಡ ಕೆಳಗಿಳಿದು ಹಾರೆಯಿಂದ ಬೊಡ್ಡೆಯ ನಡುವನ್ನು ಮೀಟಿದರು. ಮೇಲಿನ ಸೀಳು ಬೆರಳಗಲದಷ್ಟೂ ತೆರೆಯಲಿಲ್ಲ, ಆದರೆ ಬೆಣೆ ಹೊಡೆದೊಡನೆ ಅಲಗು ಸಡಿಲವಾಗಿ ಕೈಗೆ ಬಂತು.

ಮರಕ್ಕೆ ಬಾಯಿ ಮುಚ್ಚಲು ಬಲ ಎಲ್ಲಿಂದ ಬಂತು? ಕೇಳಿದರೆ, ಮರಕ್ಕೆ ಅದರದ್ದೇ ಭಾರ ಸಾಕು ಎಂದರು ಮಾವ. ನನಗೆ ಅಷ್ಟು ಸಾಲಲಿಲ್ಲ. ಮನೆಗೆ ಬಂದು ಪಲ್ಯಕ್ಕೆಂದು ಇಟ್ಟಿದ್ದ ಬಾಳೆದಿಂಡನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟೆ. ನಡುವನ್ನು ಒತ್ತಿ ಹಿಡಿದು ಮೇಲಿನಿಂದ ಚಾಕು ಇಳಿಸಿದೆ. ದಿಂಡು ಚಾಕುವನ್ನು ಹಿಡಿದುಕೊಂಡಿತು. ಕೆಳಗಿನಿಂದ ಕೊಯ್ದೆ, ಸೀಳು ತಾನಾಗಿ ತೆರೆಯಿತು. ಒಂದು ತುದಿಯನ್ನು ಇಟ್ಟಿಗೆಯ ಆಚೆ ಚಾಚಿ, ಅದನ್ನು ಒತ್ತಿ ಹಿಡಿದು ಮೇಲಿನಿಂದ ಕೊಯ್ದೆ. ಈಗ ಮೇಲಿನ ಸೀಳೇ ತೆರೆಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಪಲ್ಯ ಇವತ್ತೇ ಆಗುತ್ತದೋ ಎಂದು ಮಾತ್ರ ಕೇಳಿದರು.

ಮರುದಿನ ಬೆಳಿಗ್ಗೆ ಗರಗಸದವನು ದೊಡ್ಡ ಕೊಂಬೆಯೊಂದಕ್ಕೆ ಗರಗಸ ಇಡಲು ನಿಂತಿದ್ದ. ಬುಡ ಬೊಡ್ಡೆಗೆ ಅಂಟಿಕೊಂಡಿತ್ತು, ತುದಿ ಹಳ್ಳದ ಮೇಲೆ ಚಾಚಿತ್ತು. ಯಾವ ಕಡೆಯಿಂದ ಹಿಡಿಯಬೇಕೆಂದು ಅವನು ಮಾವನನ್ನು ಕೇಳುವಷ್ಟರಲ್ಲಿ ನಾನೇ ಬಾಯಿ ಹಾಕಿದೆ:

"ತುದಿ ನೇತಾಡ್ತಿದೆ ಅಲ್ವಾ ಮಾವ? ಮೇಲಿಂದ ಕುಯ್ದ್ರೆ ಬಾಯಿ ಬಿಡುತ್ತೆ."

ಮಾವ ನನ್ನನ್ನೇ ನೋಡಿದರು. ಅವನು ನಕ್ಕು, ಚೇಚಿ ಹೇಳಿದ ಮೇಲೆ ಆಯಿತು ಎಂದು ಮೇಲಿನಿಂದಲೇ ಶುರುಮಾಡಿದ. ಮೂರು ಬೆರಳು ಇಳಿಯುವಷ್ಟರಲ್ಲಿ ಕೊಂಬೆ ಕಚ್ಚಿಕೊಂಡಿತು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಾಚಿಕೆಗಿಂತ, ಹೀಗೇಕಾಯಿತು ಎಂಬುದೇ ಹೆಚ್ಚು ಕಾಡಿತು. ಅವನು ಬೈಯಲಿಲ್ಲ. ಹಳ್ಳಕ್ಕಿಳಿದು ಬಾಡಿದ ಎಲೆಗಳನ್ನು ಸರಿಸಿ ನನ್ನನ್ನು ಕರೆದ. ಕೆಳಗೆ ತೊಡೆ ಗಾತ್ರದ ಒಂದು ಕವಲು ಹಳ್ಳದ ತಳಕ್ಕೆ ನಾಟಿ ನಿಂತು ಕೊಂಬೆಗೆ ಊರುಗೋಲಾಗಿತ್ತು. ನೇತಾಡುತ್ತಿದೆ ಎಂದು ನಾನು ತಿಳಿದಿದ್ದ ಕೊಂಬೆ ನೇತಾಡುತ್ತಲೇ ಇರಲಿಲ್ಲ.

ಮಾವನೂ ನಿಧಾನಕ್ಕೆ ಇಳಿದು ಬಂದರು. ಅವರಿಗೂ ಅದು ಕಂಡಿರಲಿಲ್ಲವಂತೆ.

"ನಿನ್ ಲೆಕ್ಕ ಸರಿಯಾಗೇ ಅದೆ ಕಣವ್ವ," ಎಂದರು. "ಮರದ್ ಕೆಳಗೆ ಬಗ್ಗಿ ನೋಡ್ದೆ ಮಾತಾಡ್ದಲ್ಲ, ಅಷ್ಟೇಯ."

ಆ ಅಲಗನ್ನು ಬಿಡಿಸಲು ಬೆಣೆ ಇಟ್ಟವಳು ನಾನೇ. ಉಳಿದ ಮೂರು ದಿನವೂ ಕೆಳಗೆ ಬಗ್ಗಿ ನೋಡುವ ಕೆಲಸವನ್ನು ನನಗೇ ಬಿಟ್ಟರು. ಅವನು ಗರಗಸ ಹಚ್ಚುವ ಮೊದಲು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ರತಿ ತುಂಡಿನ ಕೆಳಗೂ ಬಗ್ಗಿ ನೋಡಿ, ಎಲ್ಲಿ ಆತುಕೊಂಡಿದೆ, ಎಲ್ಲಿ ಇಲ್ಲ ಎಂದು ಹೇಳುತ್ತಿದ್ದೆ. ಆಮೇಲೂ ಒಂದು ಸಲ ಕಚ್ಚಿತು. ಆ ಸಲ ತಪ್ಪು ಯಾರದೆಂದು ಮೂವರೂ ಬಗ್ಗಿ ಹುಡುಕಿದೆವು, ಸಿಗಲಿಲ್ಲ. ಒಳಗೆ ನಾರು ತಿರುಚಿಕೊಂಡಿರಬೇಕು ಎಂದು ಅವನು ಊಹಿಸಿದ. ಇರಬಹುದು.

ಆ ಮಳೆಗಾಲದಲ್ಲಿ ಬ್ಯಾರನ್ನಿನ ಒಲೆಗೆ ಸೌದೆ ದಬ್ಬುವಾಗ ಪ್ರತಿ ತುಂಡಿನ ಮುಖ ನೋಡುವುದು ನನಗೆ ಚಟವಾಯಿತು. ಕಚ್ಚದಿರಲೆಂದು ಎರಡೂ ಕಡೆಯಿಂದ ಕುಯ್ದ ಕೆಲವುಗಳಲ್ಲಿ ಮೇಲಿನ ಕುಯ್ತವೂ ಕೆಳಗಿನ ಕುಯ್ತವೂ ಸರಿಯಾಗಿ ಕೂಡದೆ ನಡುವೆ ಸಣ್ಣ ಮೆಟ್ಟಿಲು ಉಳಿದಿರುತ್ತಿತ್ತು. ಈ ತುಂಡು ಹಳ್ಳದ ಮೇಲೆ ಹೇಗೆ ಮಲಗಿತ್ತು ಎಂದು ಅದರಿಂದಲೇ ಹೇಳುತ್ತಿದ್ದೆ. ಬೆಂಕಿ ಆರುತ್ತದೆ, ಬೇಗ ಹಾಕು ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು.