ಅಜ್ಜಿ ಗಂಗೆ ದಾಟಿದ ಶ್ರಾವಣ

ನನ್ನ ಅಜ್ಜಿ ಕಾಶಿಗೆ ಬಂದದ್ದು ಸಾಯುವುದಕ್ಕೆ. ಇದನ್ನು ನಮ್ಮ ಮನೆಯಲ್ಲಿ ಯಾರೂ ಮುಚ್ಚಿಟ್ಟಿರಲಿಲ್ಲ. ಗೋಕರ್ಣದ ಹತ್ತಿರ, ಅಂಗಳಕ್ಕೆ ಸಮುದ್ರದ ಸದ್ದು ಕೇಳಿಸುವ ಒಂದು ಹಳ್ಳಿಯವಳು ಅವಳು. ಅಜ್ಜ ತೀರಿಕೊಂಡ ಮೇಲೆ ಎರಡು ಸೀರೆ, ಒಂದು ಜಪಮಾಲೆ ಹಿಡಿದು ಮಗನ ಮನೆಗೆ ಬಂದಳು. ಇನ್ನು ಕಾಶಿಯ ಎಲ್ಲೆ ದಾಟುವುದಿಲ್ಲ ಎಂದು ಗಂಗೆಯಲ್ಲಿ ನಿಂತು ಸಂಕಲ್ಪ ಮಾಡಿದಳು. ಒಂದೆರಡು ವರ್ಷದ ಮಾತು ಎಂದುಕೊಂಡಿದ್ದರು ಎಲ್ಲರೂ. ಆದರೆ ಕಾಶಿಯ ಗಾಳಿ ಅವಳಿಗೆ ಚೆನ್ನಾಗಿ ಒಗ್ಗಿತು. ಬರುವಾಗ ಇದ್ದ ಮಂಡಿನೋವೂ ಹೋಯಿತು. ಒಂಬತ್ತು ವರ್ಷ ಕಳೆದರೂ ಬೆಳಿಗ್ಗೆ ನಮಗಿಂತ ಮೊದಲು ಘಾಟಿನ ಮೆಟ್ಟಿಲು ಇಳಿಯುತ್ತಿದ್ದವಳು ಅವಳೇ.

ನಾವಿದ್ದದ್ದು ಶಿವಾಲದ ಒಂದು ಗಲ್ಲಿಯಲ್ಲಿ. ಅಪ್ಪ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುತ್ತಿದ್ದರು. ಮಳೆಗಾಲದಲ್ಲಿ ಯಾತ್ರಿಕರು ಕಡಿಮೆ. ನದಿ ಏರಿ ಘಾಟಿನ ಮೆಟ್ಟಿಲುಗಳೂ ಮುಳುಗಿರುತ್ತಿದ್ದವು. ಎಪ್ಪತ್ತರ ದಶಕದ ನಡುವಿನ ಅಂಥದೊಂದು ಮಳೆಗಾಲ. ನನಗೆ ಹನ್ನೊಂದು, ತಂಗಿಗೆ ಎಂಟು. ಪಕ್ಕದ ಮನೆಯಲ್ಲಿ ಲಾರಿ ಓಡಿಸುವ ಒಬ್ಬರಿದ್ದರು, ನಾವು ಚಾಚಾ ಎನ್ನುತ್ತಿದ್ದೆವು. ಬನಾರಸಿನ ಜನ ಸಾವನ್, ಅಂದರೆ ಶ್ರಾವಣ, ಬಂತೆಂದರೆ ಬಾಟಿ ಎಂಬ ಉಂಡೆಗಳನ್ನು ಕೆಂಡದಲ್ಲಿ ಸುಡಲು ಹಿಟ್ಟು, ಬದನೆಕಾಯಿ ಕಟ್ಟಿಕೊಂಡು ಊರಾಚೆ ಕಾಡಿಗೆ ಹೊರಡುತ್ತಾರೆ. ಆ ವರ್ಷ ಚಾಚಾ ರಾಜದರಿಯ ಜಲಪಾತಕ್ಕೆ ಹೊರಟಿದ್ದರು. ಲಾರಿ ಖಾಲಿ ಇದೆ, ಟಾರ್ಪಾಲು ಕಟ್ಟಿ ಒಂದು ರಾತ್ರಿ ಅಲ್ಲೇ ಉಳಿಯೋಣ, ನೀವೂ ಬನ್ನಿ ಎಂದರು.

ಅಮ್ಮನ ಮುಖ ಅರಳಿತು. ಅಪ್ಪ ಮಾತ್ರ, "ಅಮ್ಮನ್ನ ಒಬ್ಬಳನ್ನೇ ಬಿಟ್ಟು ಹೇಗೆ ಹೋಗೋದು?" ಎಂದರು.

ಒಳಗೆ ಜಪ ಮಾಡುತ್ತಿದ್ದ ಅಜ್ಜಿ ಜಪಮಾಲೆ ನಿಲ್ಲಿಸಿದಳು. "ಬಿಡೋದು ಎಂತಕ್ಕೆ? ನಾನೂ ಬರ್ತೆ."

ಅಪ್ಪ ತಬ್ಬಿಬ್ಬಾದರು. "ನಿನ್ನ ಸಂಕಲ್ಪ?"

"ನೀನು ಊರಿನೋರಿಗೆಲ್ಲ ಒಂದೊಂದು ಪ್ರಾಯಶ್ಚಿತ್ತ ಹೇಳ್ತೆಯಲ್ಲ ಮಾಣಿ, ಹೆತ್ತವಳಿಗೆ ಒಂದು ಹುಡುಕು. ಒಂಬತ್ತು ವರ್ಷ ಆಯ್ತು, ಈ ಗಲ್ಲಿಲಿ ಆಕಾಶ ಅಂದ್ರೆ ಸೀರೆ ಅಂಚಿನಷ್ಟು. ಒಂದ್ಸಲ ಬಯಲಲ್ಲಿ ಮಳೆ ನೋಡ್ಬೇಕು."

"ಅಲ್ಲೇ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಆಚೆ ದಡದಲ್ಲಿ ಸತ್ತವರು ಕತ್ತೆಯಾಗಿ ಹುಟ್ತಾರೆ ಅಂತಾರೆ ಇಲ್ಲಿಯೋರು."

"ಹುಟ್ಟಿದ್ರೆ ಹುಟ್ಟಿದೆ. ಧೋಬಿ ಮನೆ ಸೇರ್ತೆ. ಬಟ್ಟೆ ಗಂಟು ಹೊತ್ಕೊಂಡು ದಿನಾ ಘಾಟಿಗೆ ಬಂದು ಗಂಗೆ ನೋಡ್ತೆ."

ಬಾಗಿಲ ಹಿಂದೆ ನಿಂತಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಎದುರು ಅವಳು ಗಟ್ಟಿಯಾಗಿ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಪ್ಪ ಒಂದು ದಿನವಿಡೀ ಪುಸ್ತಕ ತಿರುವಿ, ಮರಳಿ ಬಂದ ಮೇಲೆ ಮಾಡಬೇಕಾದ ಸ್ನಾನ, ಉಪವಾಸ, ಜಪಗಳ ಒಂದು ದಾರಿ ಕಂಡುಕೊಂಡರು. ಆದರೂ ಧೈರ್ಯ ಸಾಲಲಿಲ್ಲ. ಹೊರಡುವ ಬೆಳಿಗ್ಗೆ ತಾಮ್ರದ ತಂಬಿಗೆಯಲ್ಲಿ ಗಂಗಾಜಲ ತುಂಬಿ, ತುಳಸಿ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಮಡಿಲಲ್ಲಿಟ್ಟುಕೊಂಡರು.

ರಾಜಘಾಟಿನ ಸೇತುವೆ ದಾಟುವಾಗ ಅಪ್ಪ ಕಣ್ಣು ಮುಚ್ಚಿ ಏನೋ ಪಠಿಸುತ್ತಿದ್ದರು. ಚಾಚಾನ ಪಕ್ಕ ಕೂತಿದ್ದ ಅಜ್ಜಿ ಅವಲಕ್ಕಿ ತಿನ್ನುತ್ತಿದ್ದಳು. ಚಕಿಯಾ ಎಂಬ ಊರು ದಾಟುತ್ತಿದ್ದಂತೆ ಗುಡ್ಡ, ಕಾಡು, ಜಿಟಿಜಿಟಿ ಮಳೆ. ಜಲಪಾತವನ್ನು ಕಾಣುವ ಮೊದಲೇ ಅದರ ಸದ್ದು ಕೇಳಿತು. ಅಜ್ಜಿ ಲಾರಿಯಿಂದ ಇಳಿದು, ಸೆರಗು ಬಿಗಿದು, ಮುಖ ಮೇಲೆತ್ತಿ ಸುಮ್ಮನೆ ನಿಂತಳು. ಮಳೆ ನೀರು ಕೆನ್ನೆಯ ಮೇಲೆ ಹರಿಯಿತು. "ನಮ್ಮೂರ ಮಳೆಯಷ್ಟು ದಪ್ಪ ಇಲ್ಲ," ಎಂದಳು, "ಆದ್ರೂ ಅಡ್ಡಿಲ್ಲ."

ಚಾಚಾ ನಾಲ್ಕು ಮರಗಳಿಗೆ ಟಾರ್ಪಾಲು ಕಟ್ಟಿದರು. ಅದರಲ್ಲಿ ಈರುಳ್ಳಿಯ ವಾಸನೆ. ಚಪ್ಪಟೆಯಾಗಿ ಕಟ್ಟಿದ್ದರಿಂದ ಸ್ವಲ್ಪ ಹೊತ್ತಿಗೆ ನಡುವೆ ನೀರು ತುಂಬಿ ಎಮ್ಮೆಯ ಹೊಟ್ಟೆಯಂತೆ ಜೋತುಬಿತ್ತು. ಅಪ್ಪ ಅದನ್ನು ಕೋಲಿನಿಂದ ಎತ್ತಿದರು. ಅಷ್ಟೂ ನೀರು ಅವರ ತಲೆಯ ಮೇಲೇ ಸುರಿಯಿತು. ತಂಗಿ ಕೆಸರಲ್ಲಿ ಕೂತು ನಕ್ಕಳು.

ಅಜ್ಜಿ ಆಗ ಯಜಮಾನಿಕೆ ವಹಿಸಿಕೊಂಡಳು. ಗಾಳಿ ಬರುವ ಕಡೆ ಟಾರ್ಪಾಲನ್ನು ತಗ್ಗಿಸಿ, ಇನ್ನೊಂದು ಕಡೆ ಎತ್ತರಿಸಿ ಕಟ್ಟಿಸಿದಳು. ಸುತ್ತ ಒಂದು ಗೇಣು ಅಗಲದ ಕಾಲುವೆ ತೋಡಿಸಿದಳು. ಅವಳ ಕನ್ನಡ ಚಾಚಾಗೆ ಬಾರದು, ಅವರ ಹಿಂದಿ ಇವಳಿಗೆ ಅಷ್ಟಕ್ಕಷ್ಟೆ. ಆದರೂ ಬೆರಳು ತೋರಿಸಿದಲ್ಲೆಲ್ಲ ಚಾಚಾ "ಜೀ ಮಾತಾಜೀ" ಎನ್ನುತ್ತ ಅಗೆದರು. ಒದ್ದೆ ಬೆರಣಿ ಹೊತ್ತಿಕೊಳ್ಳದೆ ಅಮ್ಮ ಕಣ್ಣುಜ್ಜುತ್ತ ಕೂತಿದ್ದಾಗ, ಅಜ್ಜಿಯೇ ಲಾರಿಯ ಅಡಿಯಲ್ಲಿ ಒಣ ಜಾಗ ಹುಡುಕಿ ಕಟ್ಟಿಗೆ ಸೀಳಿ ಬೆಂಕಿ ಮಾಡಿಕೊಟ್ಟಳು. ಚಾಚಾ ಡೀಸೆಲ್ ಟ್ಯಾಂಕು ತೋರಿಸಿ ಕಿರುಚಿದ ಮೇಲೆ ಬೆಂಕಿಯನ್ನು ಟಾರ್ಪಾಲಿನ ಅಂಚಿಗೆ ಸಾಗಿಸಲಾಯಿತು. ಬಾಟಿ ಒಂದು ಕಡೆ ಕರಕಲು, ಒಂದು ಕಡೆ ಹಸಿ. ತುಪ್ಪದಲ್ಲಿ ಅದ್ದಿ ಅಷ್ಟನ್ನೂ ತಿಂದು ಮುಗಿಸಿದೆವು. ಮಡಿಯ ಅಜ್ಜಿಗೆ ಮಾತ್ರ ಬಾಳೆಹಣ್ಣು, ಅವಲಕ್ಕಿ.

ಬೆಳಿಗ್ಗೆ ನನಗೆ ಎಚ್ಚರವಾದದ್ದು ಅಪ್ಪನ ಕೂಗಿಗೆ. ಅಜ್ಜಿಯ ಜಾಗ ಖಾಲಿ. ಚಪ್ಪಲಿ ಅಲ್ಲೇ ಇತ್ತು.

"ಅಜ್ಜಿ ಗಾಯಬ್ ಆಗ್ಬಿಟ್ಳು!" ಎಂದು ತಂಗಿ ಅಳತೊಡಗಿದಳು.

ಚಾಚಾ ಜಲಪಾತದ ಕಡೆ ಓಡಿದರು. ಅಪ್ಪ ತಂಬಿಗೆ ಎತ್ತಿಕೊಂಡು ತೊರೆಯಗುಂಟ ಓಡಿದರು. ನಾನು ಅವರ ಹಿಂದೆ. ಬಂಡೆಗಳು ಜಾರುತ್ತಿದ್ದವು, ಎರಡು ಸಲ ಬಿದ್ದರೂ ಅಪ್ಪ ತಂಬಿಗೆಯನ್ನು ಮಾತ್ರ ಮೇಲೆತ್ತಿಯೇ ಹಿಡಿದಿದ್ದರು. "ಅಮ್ಮಾ... ಅಮ್ಮಾ..." ಎಂದು ಕೂಗುತ್ತಿದ್ದ ಅವರ ದನಿ ಚಿಕ್ಕ ಹುಡುಗನದಂತಿತ್ತು. ನನಗೆ ಅಲ್ಲಿಯವರೆಗೆ ಇಲ್ಲದ ಭಯ ಆ ದನಿ ಕೇಳಿ ಹುಟ್ಟಿತು.

ತೊರೆಯ ತಿರುವಿನಲ್ಲಿ ಕಾಡಿನ ಕಾವಲುಗಾರನ ಗುಡಿಸಲು. ಅದರ ಸೂರಿನಡಿ ಅಜ್ಜಿ ಕಾವಲುಗಾರನ ಹೆಂಡತಿಯ ಜೊತೆ ಕಾಲು ಚಾಚಿ ಕೂತಿದ್ದಳು. ಇಬ್ಬರ ನಡುವೆ ಕೆಸುವಿನ ಎಲೆಯ ರಾಶಿ. ಅಜ್ಜಿ ಒಂದೊಂದೇ ಎಲೆ ಸುರುಳಿ ಸುತ್ತಿ ಗಂಟು ಹಾಕಿ ತೋರಿಸುತ್ತಿದ್ದಳು, ಆ ಹೆಂಗಸು ನೋಡಿ ಹಾಗೇ ಹಾಕುತ್ತಿದ್ದಳು. ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಭೋಜಪುರಿಯಲ್ಲಿ ಬಿಡದೆ ಮಾತಾಡುತ್ತಿದ್ದರು.

ಅಪ್ಪ ಏದುಸಿರು ಬಿಡುತ್ತ ಎದುರು ನಿಂತರು. ಅಜ್ಜಿ ತಲೆಯೆತ್ತಿ ತಂಬಿಗೆ ನೋಡಿದಳು.

"ನೀರು ತಂದ್ಯಾ? ಒಳ್ಳೇದಾಯ್ತು. ಕೆಸು ಕೈ ತುರಿಸ್ತಾ ಉಂಟು, ಹೊಯ್ಯಿ."

ಅಪ್ಪ ತಂಬಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅವಳ ಚಾಚಿದ ಕೈಗಳ ಮೇಲೆ ಗಂಗಾಜಲವನ್ನು ತುಳಸಿ ಸಮೇತ ಪೂರಾ ಸುರಿದರು. ಸುರಿದವರೇ ಒದ್ದೆ ನೆಲದ ಮೇಲೆ ಕುಸಿದು ಕೂತು, ಧೋತಿಯ ಅಂಚಿನಿಂದ ಮುಖ ಒರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"ಹೇಳಿ ಹೋಗೋದಲ್ವಾ ಅಮ್ಮ? ಜೀವ ಬಾಯಿಗೆ ಬಂದಿತ್ತು ನಂಗೆ."

ಅಜ್ಜಿ ಒದ್ದೆ ಕೈಯನ್ನು ಅವರ ತಲೆಯ ಮೇಲಿಟ್ಟಳು. "ನಾನು ಸಾಯೋಕೆ ಬಂದವಳು ಅಂತ ನೀನು ದಿನಾ ನೆನಪು ಇಟ್ಕೊಂಡಿದ್ದೆ. ನಾನು ಅದನ್ನ ಮರ್ತು ಎಷ್ಟೋ ವರ್ಷ ಆಯ್ತು ಮಾಣಿ."

ಆ ಹೆಂಗಸು ಕೊಟ್ಟ ಒಣ ಮಾವಿನಕಾಯಿ ಹುಳಿ ಹಾಕಿ ಅಜ್ಜಿ ಕೆಸುವಿನ ಗಂಟುಗಳನ್ನು ಬೇಯಿಸಿದಳು. ಚಾಚಾ ಹೊಸದಾಗಿ ಸುಟ್ಟ ಬಾಟಿಗೆ ಅದನ್ನು ನೆಂಚಿಕೊಂಡು ಮೂರು ಸಲ ಹಾಕಿಸಿಕೊಂಡರು. ಆ ಮಧ್ಯಾಹ್ನ ಅಮ್ಮ, ಅಜ್ಜಿ ಇಬ್ಬರೂ ಸೀರೆ ಮೊಣಕಾಲಿಗೆತ್ತಿ ತೊರೆಯಲ್ಲಿ ಕೂತಿದ್ದರು. ಅಪ್ಪ ಅವರ ಕಾವಲಿಗೆ ನಿಲ್ಲದೆ ಮರದ ಬುಡದಲ್ಲಿ ಗೊರಕೆ ಹೊಡೆದರು.

ಮರಳುವಾಗ ರಾಜಘಾಟಿನ ಸೇತುವೆಯ ಮೇಲೆ ಎಮ್ಮೆಗಳ ಹಿಂಡು ಅಡ್ಡ ಬಂದು ಲಾರಿ ನಿಂತಿತು. ಮಳೆ ಬಿಟ್ಟು ಸಂಜೆಯ ಬಿಸಿಲು ಬಿದ್ದಿತ್ತು. ನದಿಯ ತಿರುವಿನುದ್ದಕ್ಕೂ ದೇವಸ್ಥಾನಗಳು, ಮಹಡಿಗಳು, ನೀರಿಗಿಳಿದ ಗೋಡೆಗಳು, ಕಣ್ಣು ಹಾಯುವಷ್ಟು ದೂರ. ಅಜ್ಜಿ ಮೊದಲ ಸಲ ಬಂದಾಗ ಕತ್ತಲಾಗಿತ್ತು. ಆಮೇಲೆ ಅವಳು ಕಂಡದ್ದು ಗಲ್ಲಿ, ಘಾಟು ಮಾತ್ರ; ಹಿಂದಿನ ದಿನ ಹೋಗುವಾಗ ನದಿಯ ಮೇಲೆಲ್ಲ ಮಬ್ಬು ಮುಸುಕಿತ್ತು.

"ಇದು ಯಾವ ಊರು?" ಎಂದು ಕೇಳಿದಳು.

"ಕಾಶಿ ಅಜ್ಜಿ, ನಮ್ಮನೆ ಇಲ್ಲೇ ಇರೋದು," ಎಂದೆ.

ಅವಳು ನಂಬದೆ ಅಪ್ಪನ ಕಡೆ ತಿರುಗಿದಳು. ಅಪ್ಪ ತಲೆಯಾಡಿಸಿದರು. ಎಮ್ಮೆಗಳು ದಾಟಿದ ಮೇಲೂ ಚಾಚಾ ಲಾರಿ ಹೊರಡಿಸಲಿಲ್ಲ. ಹಿಂದಿನಿಂದ ಹಾರ್ನುಗಳು ಮೊಳಗುತ್ತಿದ್ದವು. ಅಜ್ಜಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಎರಡೂ ಕೈ ಜೋಡಿಸಿ, ನೋಡುತ್ತಲೇ ಇದ್ದಳು.