ಆಕೆಯ ಬದುಕಿಗೆ ನಾನು ಸೇರಿಸಿದ ಒಂದು ಸಾಲು

ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಮ್ಮ ಪುಸ್ತಕಕೂಟದಲ್ಲಿ ತಿಂಗಳಿಗೊಬ್ಬರು ಒಬ್ಬ ಲೇಖಕರ ಬದುಕು-ಬರಹದ ಬಗ್ಗೆ ಇಪ್ಪತ್ತು ನಿಮಿಷ ಕನ್ನಡದಲ್ಲಿ ಮಾತಾಡಬೇಕು. ಊಟ ಆಮೇಲೆ, ಹಾಗಾಗಿ ಯಾರೂ ಎದ್ದು ಹೋಗುವುದಿಲ್ಲ. ನನ್ನ ಸರದಿ ಬಂದಾಗ ಲೇಖಕಿಯನ್ನು ಆರಿಸಿಕೊಟ್ಟವಳು ನನ್ನ ಹದಿನಾರರ ಮಗಳು. ಪಶ್ಚಿಮ ಆಫ್ರಿಕಾದ ಬಂದರು ಊರೊಂದರಲ್ಲಿ ಹುಟ್ಟಿ, ಓದಲೆಂದು ಹ್ಯೂಸ್ಟನ್ನಿಗೆ ಬಂದು ಇಲ್ಲೇ ಉಳಿದ ಕಾದಂಬರಿಕಾರ್ತಿ. ನನಗಿಂತ ಎಂಟು ತಿಂಗಳು ಚಿಕ್ಕವಳು. ನಾನು ಮೊದಲು ನೋಡಿದ್ದೇ ಅದನ್ನು.

ಆಕೆಯದು ನಾಲ್ಕು ಕಾದಂಬರಿ. ನನ್ನದು ಒಂದೇ, ಅದೂ ಒಂಬತ್ತು ವರ್ಷದಿಂದ ಮೂರನೆಯ ಅಧ್ಯಾಯದಲ್ಲಿ ನಿಂತಿದೆ. ಆಕೆಯ ಮೊದಲ ಪುಸ್ತಕದಲ್ಲಿ ಅಜ್ಜಿಯೊಬ್ಬಳು ಊರಿನ ಹೆಣಗಳಿಗೆಲ್ಲ ಬಟ್ಟೆ ಹೊಲಿಯುತ್ತಾಳೆ. ಎರಡನೆಯದರಲ್ಲಿ ಒಂದು ವೀಸಾಕ್ಕಾಗಿ ಅಕ್ಕತಂಗಿಯರು ಮಾತು ಬಿಡುತ್ತಾರೆ. ಮೂರನೆಯದು ಹ್ಯೂಸ್ಟನ್ನಿನ ನರ್ಸುಗಳದು. ನಾಲ್ಕನೆಯದು ಇಲ್ಲಿಯ ನೆರೆಯದು. ಅದೇ ನೆರೆ ನಮ್ಮ ಗ್ಯಾರೇಜಿಗೂ ನುಗ್ಗಿತ್ತು. ಆಕೆ ಕಾದಂಬರಿ ಬರೆದಳು, ನಾನು ಇನ್ಶೂರೆನ್ಸ್ ಫಾರ್ಮು ತುಂಬಿದೆ.

ಮಗಳು ನಾಲ್ಕನ್ನೂ ಎರಡೆರಡು ಸಲ ಓದಿದ್ದಾಳೆ. ಕನ್ನಡ ಅಕ್ಷರ ಅವಳಿಗೆ ಬಾರದು, ಮಾತು ಅರ್ಥವಾಗುತ್ತದೆ. ಆದರೂ ನನ್ನದನ್ನು ಓದಿ ಹೇಳು ಎಂದು ಒಮ್ಮೆಯೂ ಕೇಳಿಲ್ಲ.

ಆಕೆಗೆ ಸಮಯವಿತ್ತು, ನನಗಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಮಗಳು ಒಂದು ಸಂದರ್ಶನ ಕಳಿಸಿದಳು. ಮೊದಲ ಎರಡು ಕಾದಂಬರಿಗಳನ್ನು ಆಕೆ ಬರೆದದ್ದು ಮಕ್ಕಳ ಈಜು ಕ್ಲಾಸಿನ ಹೊರಗೆ, ನಿಲ್ಲಿಸಿದ ಕಾರಿನೊಳಗೆ, ಸ್ಟಿಯರಿಂಗಿಗೆ ನೋಟ್‌ಬುಕ್ಕು ಒರಗಿಸಿಕೊಂಡು. ನಾನೂ ಆರು ವರ್ಷ ಹಾಗೇ ಕಾರಿನಲ್ಲಿ ಕೂತವಳು.

ಭಾಷಣದಲ್ಲಿ ಆ ವಿಷಯ ಬಿಟ್ಟೆ. ಬದಲಿಗೆ "ಅನುಕೂಲಸ್ಥ ಕುಟುಂಬದ ಬೆಂಬಲದಿಂದ" ಎಂದು ಸೇರಿಸಿದೆ. ಆಧಾರ, ನನ್ನ ಹೊಟ್ಟೆಕಿಚ್ಚು.

ಕೂಟದ ದಿನ ನಾನು ಆ ಸಾಲು ಓದುತ್ತಿದ್ದಂತೆ, ಫೋನಿನಲ್ಲಿ ಮುಳುಗಿದ್ದಾಳೆ ಅಂದುಕೊಂಡಿದ್ದ ಮಗಳು ತಲೆಯೆತ್ತಿದಳು.

"ಅಮ್ಮಾ, ದಟ್ಸ್ ನಾಟ್ ಟ್ರೂ. ಶೀ ರೋಟ್ ಇನ್ ಹರ್ ಕಾರ್. ಸ್ವಿಮ್ ಕ್ಲಾಸ್ ಹೊರಗೆ."

ಧಾರವಾಡದ ಆಂಟಿ ನೆಟ್ಟಗೆ ಕೂತರು. "ಕಾರಿನ್ಯಾಗ? ನೀವೂ ಕಾರಿನ್ಯಾಗ ಕೂತಿರ್ತಿದ್ರಲ್ಲರೀ, ಈಜಿನ ಕ್ಲಾಸ್ ಮುಂದ. ನಾನೇ ನೋಡೀನಿ. ಏನ್ ಮಾಡ್ತಿದ್ರಿ?"

"ಇವಳು ಮುಳುಗ್ತಾಳೇನೋ ಅಂತ ಯೋಚ್ನೆ ಮಾಡ್ತಿದ್ದೆ."

"ಆರು ವರ್ಷಾನೂ?" ಎಂದರು ಯಾರೋ ಅಂಕಲ್. ಎಲ್ಲರೂ ನಕ್ಕರು. ಮಗಳು ನಗಲಿಲ್ಲ.

ಊಟವಾಗಿ ಕಾರು ಹತ್ತಿದ ಮೇಲೆ ಕೇಳಿದಳು: "ಯಾಕೆ ಸುಳ್ಳು ಹೇಳ್ದೆ? ಆರ್ ಯೂ ಜೆಲಸ್?"

"ಹೌದು ಕಣೇ. ತುಂಬಾ."

"ದೆನ್ ಫಿಕ್ಸ್ ಇಟ್."

ಕಾರು ಹೊರಡಿಸದೆ ಕೂಟದ ವಾಟ್ಸಾಪ್ ಗುಂಪಿಗೆ ಬರೆಯತೊಡಗಿದೆ. ಆಕೆ ಬರೆದದ್ದು ಎಲ್ಲಿ, ಹೇಗೆ, ನಾನು ಅದನ್ನು ಮುಚ್ಚಿಟ್ಟದ್ದು ಯಾಕೆ. ನಾಲ್ಕು ಸಾಲು, ಎರಡು ಸಲ ಅಳಿಸಿದೆ. ಮಗಳು ನನ್ನ ಭುಜದ ಮೇಲಿಂದ ಬಗ್ಗಿ, ಓದಲಾಗದ ಅಕ್ಷರಗಳನ್ನು ನೋಡಿದಳು.

"ಏನಂತ ಬರ್ದಿದೀಯ? ಓದು."

ಓದಿದೆ.

"ದಟ್ಸ್ ಆಲ್?" ಎಂದಳು. "ಶೀ ವುಡ್ ಹ್ಯಾವ್ ಸೆಡ್ ಮೋರ್."

ಐದನೆಯ ಸಾಲು ಶುರು ಮಾಡಿದೆ.